ವಸ್ತಿ ಬಸ್ಸಿನ ಬಗ್ಗೆ ನಾನು ಸದನಕ್ಕೆ ಕೊಟ್ಟ ಉತ್ತರ

ಅಧಿವೇಶನ ಶುರುವಾಯಿತೆಂದರೆ ನಮ್ಮ ಕಚೇರಿಯಲ್ಲಿ ಯಾರಿಗೂ ಊಟ ಸರಿಯಾಗಿ ಇಳಿಯುವುದಿಲ್ಲ. ಶಾಸಕರು ಕೇಳಿದರು, ಮಂತ್ರಿಗಳು ಉತ್ತರಿಸಿದರು ಎಂದು ಮರುದಿನ ಪತ್ರಿಕೆಯಲ್ಲಿ ಓದುವವರಿಗೆ, ಆ ಉತ್ತರವನ್ನು ನನ್ನಂಥವನೊಬ್ಬ ರೊಟ್ಟಿ ಡಬ್ಬಿ ಬದಿಗೆ ಸರಿಸಿ ಬರೆದಿರುತ್ತಾನೆ ಎಂದು ಹೇಗೆ ತಿಳಿಯಬೇಕು? ನಾನು ಸಾರಿಗೆ ಸಂಸ್ಥೆಯ ಒಂದು ಕಚೇರಿಯಲ್ಲಿ ಸಂಚಾರ ಶಾಖೆಯ ಸಹಾಯಕ. ಅದಕ್ಕೆ ಮೊದಲು ಕಂಡಕ್ಟರ್ ಆಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ನಾಳೆ ಬೆಳಗ್ಗೆ ಮತ್ತೆ ಅಲ್ಲಿಗೇ ಹೋಗಬೇಕು.

ಆ ಸಲದ ಪ್ರಶ್ನೆ ಬಂದದ್ದು ಬೆಳಗಿನ ಹನ್ನೊಂದೂವರೆಗೆ, ಮೊಬೈಲಿನಲ್ಲಿ. 'ಅತಿ ಜರೂರು, ಇಂದೇ ಮೂರು ಗಂಟೆಯೊಳಗೆ' ಎಂದು ಮೇಲೆ ಬರೆದಿತ್ತು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರಕ್ಕೆ ಖಾಲಿ ಜಾಗ. (ಅ) ಹಾನಗಲ್, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ಮಂಜೂರಾಗಿರುವ ವಸ್ತಿ ಬಸ್ಸುಗಳೆಷ್ಟು? (ಆ) ಅವು ನಿಗದಿಪಡಿಸಿದ ಗ್ರಾಮದವರೆಗೆ ಪ್ರತಿದಿನ ಹೋಗುತ್ತಿವೆಯೇ? (ಇ) ಇಲ್ಲದಿದ್ದಲ್ಲಿ ಕಾರಣವೇನು?

ಸಂಜೆಯ ಕೊನೆಯ ಬಸ್ಸು ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಗ್ಗೆ ಅಲ್ಲಿಂದಲೇ ಹೊರಟರೆ ಅದು ವಸ್ತಿ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ಆ ಊರಲ್ಲೇ ಮಲಗುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳು, ಪೇಟೆಗೆ ಕಾಯಿಪಲ್ಲೆ ಒಯ್ಯುವವರು, ದವಾಖಾನೆಗೆ ಹೋಗುವವರು ಎಲ್ಲರಿಗೂ ಬೆಳಗಿನ ಆ ಒಂದೇ ಗಾಡಿ. ಒಳ್ಳೆಯ ಪ್ರಶ್ನೆಯೇ ಅದು, ಕೇಳಿದವರಿಗೆ ಹಳ್ಳಿ ಗೊತ್ತಿತ್ತು. 'ಮಂಜೂರಾಗಿದೆಯೇ' ಎಂದು ಮಾತ್ರ ಕೇಳದೆ 'ಊರಿನವರೆಗೆ, ಪ್ರತಿದಿನ' ಎಂದು ಒತ್ತಿ ಕೇಳಿದ್ದರು.

ನಾಲ್ಕೂ ತಾಲೂಕಿನ ಡಿಪೋಗಳಿಗೆ ಫೋನ್ ಮಾಡಿದೆ. ಇಬ್ಬರು ಎತ್ತಲಿಲ್ಲ. ಮೂರನೆಯವರು, "ಫಾರ್ಮ್ ನಾಕರಾಗ ಎಲ್ಲಾ ಐತೆಲ್ರಿ, ನೋಡಿ ಹಾಕಿಬಿಡ್ರಿ" ಅಂದರು. ನಾಲ್ಕನೆಯವರು ಏನು ಕೇಳಿದರೂ "ಹೂಂ" ಅಂದರು. ಫಾರ್ಮ್ ನಾಲ್ಕು ಅಂದರೆ ಒಂದು ಬಸ್ಸಿನ ಇಡೀ ದಿನದ ವೇಳಾಪಟ್ಟಿ. ಎಷ್ಟಕ್ಕೆ ಹೊರಡಬೇಕು, ಎಲ್ಲೆಲ್ಲಿ ಮುಟ್ಟಬೇಕು, ಎಲ್ಲಿ ವಸ್ತಿ ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಅದರಲ್ಲಿ ಇದ್ದದ್ದೇ ರಸ್ತೆಯ ಮೇಲೂ ನಡೆಯುತ್ತದೆ ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಎಲ್ಲರೂ ಹಾಗೇ ನಡೆದುಕೊಳ್ಳುತ್ತೇವೆ. ನಾನು ಕಂಡಕ್ಟರ್ ಆಗಿದ್ದವನು, ನನಗಾದರೂ ತಿಳಿಯಬೇಕಿತ್ತು. ಗಡಿಯಾರ ನೋಡಿದೆ, ಎರಡಾಗಿತ್ತು. (ಆ)ಗೆ 'ಹೌದು' ಎಂದು ಬರೆದೆ. (ಇ)ಗೆ 'ಉದ್ಭವಿಸುವುದಿಲ್ಲ'. ಈ 'ಉದ್ಭವಿಸುವುದಿಲ್ಲ' ನಮ್ಮ ಪಾಲಿಗೆ ಬಲು ಅಕ್ಕರೆಯ ಮಾತು. ಮೇಲೊಂದು 'ಹೌದು' ಹಾಕಿಬಿಟ್ಟರೆ ಕೆಳಗಿನ ಪ್ರಶ್ನೆಗಳಿಗೆಲ್ಲ ಅದೊಂದೇ ಸಾಕು. ಸಂಚಾರಾಧಿಕಾರಿಗಳು ಓದದೆಯೇ ಸಹಿ ಹಾಕಿದರು. ಎರಡು ಮುಕ್ಕಾಲಿಗೆ ಕಳಿಸಿ, ತಣ್ಣಗಾದ ರೊಟ್ಟಿ ತಿಂದೆ.

ಅದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಅಂದರೆ ಉತ್ತರ ಲಿಖಿತ ರೂಪದಲ್ಲಿ ಹೋಗುತ್ತದೆ. ಸದನದಲ್ಲಿ ಯಾರೂ ಎದ್ದು ನಿಂತು 'ಖರೇನ ಏನ್ರಿ' ಎಂದು ಮರುಪ್ರಶ್ನೆ ಹಾಕುವುದಿಲ್ಲ. ನನ್ನ 'ಹೌದು' ಅಚ್ಚಾಗಿ ಸದನದಲ್ಲಿ ಮಂಡನೆಯಾಯಿತು.

ಮೂರು ವಾರ ಕಳೆದ ಮೇಲೆ ಒಬ್ಬ ಹೆಣ್ಣುಮಗಳು ಬಂದಳು. ನಲವತ್ತರ ಹತ್ತಿರ ವಯಸ್ಸು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಹಿರೇಕೆರೂರು ಕಡೆಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳಂತೆ. ಗಂಡ ತೀರಿಕೊಂಡಿದ್ದಾನೆ. ಒಬ್ಬಳೇ ಮಗಳು, ಇನ್ನೊಂದು ತಾಲೂಕಿನ ಹಳ್ಳಿಯಲ್ಲಿ ಅಜ್ಜಿಯ ಜೊತೆ ಇದ್ದು, ಅಲ್ಲಿಂದ ವಸ್ತಿ ಬಸ್ಸಿನಲ್ಲಿ ಪೇಟೆಯ ಕಾಲೇಜಿಗೆ ಹೋಗಿ ಪಿಯುಸಿ ಎರಡನೇ ವರ್ಷ ಓದುತ್ತಾಳೆ. ನಿಂತುಕೊಂಡೇ ಇಷ್ಟೆಲ್ಲ ಹೇಳಿದಳು. ಕುಂತ್ಕೊಳ್ರಿ ಅಂದೆ, ಕೂರಲಿಲ್ಲ.

"ಸಾಹೇಬ್ರ, ಒಂದ ಮಾತು ಕೇಳಾಕ ಬಂದೇನಿ. ಆ ಊರಿಗೆ ವಸ್ತಿ ಬಸ್ಸು ದಿನಾ ಬರ್ತೈತೋ ಇಲ್ಲೋ?"

ಚೀಲದಿಂದ ಎರಡು ಕಾಗದ ತೆಗೆದಳು. ಒಂದು ಕಾಲೇಜಿನದು: ಇಂತಿಂಥ ತಾರೀಖು ಗೈರು, ಹಾಜರಾತಿ ಕಡಿಮೆಯಿದೆ, ಪ್ರವೇಶಪತ್ರ ಕೊಡಲಾಗದು, ಬಸ್ಸು ಬಾರದ ದಿನಗಳ ಬಗ್ಗೆ ಸಾರಿಗೆಯವರಿಂದ ಪತ್ರ ತಂದರೆ ಪರಿಗಣಿಸಲಾಗುವುದು. ಕೊನೆಯ ದಿನಕ್ಕೆ ಇನ್ನು ಹನ್ನೆರಡು ದಿನವಿತ್ತು. ಎರಡನೆಯ ಕಾಗದ ಬಿಡಿಸಿದೆ. ಅದು ನಾನೇ ಬರೆದ ಉತ್ತರ. ಯಾರೋ ವಾಟ್ಸಾಪಿನಲ್ಲಿ ಹಾಕಿದ್ದನ್ನು ಅವಳ ಅಣ್ಣ ಪ್ರಿಂಟ್ ತೆಗೆಸಿದ್ದ. 'ಹೌದು' ಎಂಬಲ್ಲಿ ಪೆನ್ನಿನಿಂದ ಗೆರೆ ಎಳೆದಿದ್ದ.

"ಬಸ್ಸು ದಿನ ಬಿಟ್ಟು ದಿನ ಬರಂಗಿಲ್ಲ, ಹಂಗಾಗಿ ಕಾಲೇಜು ತಪ್ಪತೈತಿ ಅಂತಾಳ ಹುಡುಗಿ. ನಮ್ಮಣ್ಣ ನೋಡಿದ್ರ, ವಿಧಾನಸೌಧದಾಗ ದಿನಾ ಬರ್ತೈತಿ ಅಂತ ಬರದಾರ, ನಿನ್ನ ಮಗಳು ಎಲ್ಲಿ ತಿರಗಾಕತ್ತಾಳೋ ನೋಡ್ಕೋ ಅಂತಾನ."

"ಊರಾಗ ಯಾರನ್ನೂ ಕೇಳಲಿಲ್ಲೇನ್ರಿ?"

"ಕೇಳೇನ್ರಿ. ಒಬ್ರು ಬರ್ತೈತಿ ಅಂತಾರ, ಇನ್ನೊಬ್ರು ಎಲ್ಲಿ ಬರ್ತೈತಿ ಅಂತಾರ. ಹ್ವಾದ ಅಮಾಸಿಗೆ ಊರಿಗೆ ಹೋದಾಗ ಬಸ್ಸು ನಿಂತಿದ್ದು ನಾನ ಕಣ್ಣಾರೆ ನೋಡೇನಿ. ನೀವು ಹೇಳ್ರಿ, ನಿಮ್ಮ ಮಾತು ಕೇಳ್ತೇನಿ. ಆಕಿ ಸುಳ್ಳು ಹೇಳಿದ್ರ ಕಾಲೇಜು ಸಾಕು, ನನ್ನ ಸಂಗಾಟ ಅಡಗಿ ಮನೀಗೆ ಕರಕೊಂಡು ಹೋಗಿಬಿಡ್ತೇನಿ."

ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಒಂದು ನಿಮಿಷ ಎದ್ದು ಹೋಗಿ ದಾಖಲೆ ನೋಡಬಹುದಿತ್ತು. ನಾಳೆ ಬರ್ರಿ ಎನ್ನಬಹುದಿತ್ತು. ಆದರೆ ನನ್ನ ಅಕ್ಷರವನ್ನೇ ನನ್ನ ಮುಂದೆ ಹಿಡಿದು 'ಇದು ಖರೆಯೋ' ಎಂದು ಕೇಳಿದಾಗ ನಾನು ಮೊದಲು ಕಾಪಾಡಿಕೊಂಡದ್ದು ನನ್ನನ್ನೇ.

"ಅವ್ವಾರ, ಅದು ಸದನಕ್ಕ ಕೊಟ್ಟ ಉತ್ತರ. ಅದರಾಗ ಇದ್ದಂಗ ಐತಿ."

ಅವಳು ಕಾಗದ ಎರಡನ್ನೂ ಮಡಚಿದಳು. "ಹಂಗಾರ ಹುಡುಗೀದ ತಪ್ಪು" ಅಂದಳು. ಕೈ ಮುಗಿದು ಹೋದಳು.

ಆ ದಿನ ಕೆಲಸ ಸಾಗಲಿಲ್ಲ. ಅವಳು ಹೇಳಿದ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು: ದಿನ ಬಿಟ್ಟು ದಿನ. ಕಾಲೇಜು ತಪ್ಪಿಸಿ ತಿರುಗುವ ಹುಡುಗಿ ಮನಸ್ಸು ಬಂದ ದಿನ ತಪ್ಪಿಸುತ್ತಾಳೆ, ಹೀಗೆ ಲೆಕ್ಕ ಇಟ್ಟುಕೊಂಡು ಯಾರು ತಪ್ಪಿಸುತ್ತಾರೆ? ವಸ್ತಿ ಬಸ್ಸಿಗೆ ಎರಡು ಜೋಡಿ ಸಿಬ್ಬಂದಿ ಇರುತ್ತಾರೆ. ಇವತ್ತು ಒಂದು ಜೋಡಿ ಹೋದರೆ ನಾಳೆ ಇನ್ನೊಂದು. ಎಲಾ ಇವನ, ಇದು ಹುಡುಗಿಯ ಚಟವಲ್ಲ, ಡ್ಯೂಟಿ ಚಾರ್ಟು! ಹಾಗೆ ಅನ್ನಿಸಿದ್ದೇ ತಡ, ಕಂಪ್ಯೂಟರಿನ ಮುಂದೆ ಕೂತೆ.

ಈಗ ಕಂಡಕ್ಟರುಗಳ ಕೈಯಲ್ಲಿ ಟಿಕೆಟ್ ಯಂತ್ರವಿದೆ. ಬಸ್ಸು ಒಂದೊಂದು ನಿಲ್ದಾಣ ದಾಟಿದಂತೆ ಕಂಡಕ್ಟರ್ ಅದರಲ್ಲಿ ನಿಲ್ದಾಣ ಬದಲಾಯಿಸಬೇಕು. ಕೊನೆಯ ಟಿಕೆಟ್ ಎಲ್ಲಿಗೆ, ಬೆಳಗಿನ ಮೊದಲ ಟಿಕೆಟ್ ಎಲ್ಲಿಂದ ಎಂಬುದು ಅದರಲ್ಲಿ ಕೂತಿರುತ್ತದೆ. ಆ ಬಸ್ಸಿನ ಮೂರು ತಿಂಗಳ ವರದಿ ತೆಗೆದೆ. ಒಬ್ಬ ಕಂಡಕ್ಟರನ ದಿನಗಳಲ್ಲಿ ಬಸ್ಸು ಊರು ಮುಟ್ಟಿತ್ತು. ಇನ್ನೊಬ್ಬರ ದಿನಗಳಲ್ಲಿ ಮೂರು ಕಿಲೋಮೀಟರ್ ಹಿಂದಿನ ಊರಲ್ಲೇ ನಿಂತು, ಬೆಳಗ್ಗೆ ಅಲ್ಲಿಂದಲೇ ತಿರುಗಿತ್ತು. ಕಾಲೇಜಿನ ಪತ್ರದಲ್ಲಿದ್ದ ಗೈರುಹಾಜರಿಯ ತಾರೀಖುಗಳಲ್ಲಿ ನೆನಪಿದ್ದಷ್ಟನ್ನು ಹೋಲಿಸಿ ನೋಡಿದೆ. ಒಂದೂ ತಪ್ಪಲಿಲ್ಲ.

ಆಗ ಇನ್ನೊಂದು ವಿಷಯ ಹೊಳೆಯಿತು. ಆ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಅದೇ ಊರಿನವರು ಯಾರೋ ಶಾಸಕರ ಹತ್ತಿರ ಗೋಳು ತೋಡಿಕೊಂಡಿರಬೇಕು. ಶಾಸಕರು ಅದನ್ನು ಸದನಕ್ಕೆ ಒಯ್ದರು, ಸದನ ಇಲಾಖೆಯನ್ನು ಕೇಳಿತು, ಇಲಾಖೆ ನಮ್ಮನ್ನು ಕೇಳಿತು. ಅಷ್ಟು ದೂರ ಸುತ್ತಿ ನನ್ನ ಮೇಜಿಗೆ ಬಂದ ಊರಿನ ಗೋಳಿಗೆ ನಾನು 'ಹೌದು' ಎಂದು ಬರೆದು ಹಿಂದಕ್ಕೆ ಕಳಿಸಿದೆ. ಅದು ಸರ್ಕಾರದ ಮುದ್ರೆ ಹೊತ್ತು ಅದೇ ಊರಿಗೆ ಹೋಗಿ ಒಬ್ಬ ಹುಡುಗಿಯನ್ನು ಸುಳ್ಳುಗಾತಿಯನ್ನಾಗಿ ಮಾಡಿತು.

ಮರುದಿನ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ, ಊರು ಮುಟ್ಟಿಸದ ಆ ಕಂಡಕ್ಟರನ್ನು ಹುಡುಕಿದೆ. ಹೆಣ್ಣುಮಗಳು, ಮೂವತ್ತರ ಆಸುಪಾಸು. ಹೆಣ್ಣುಮಕ್ಕಳಿಗೆ ವಸ್ತಿ ಡ್ಯೂಟಿ ಹಾಕುವುದು ನಮ್ಮಲ್ಲಿ ವಾಡಿಕೆಯಲ್ಲ. ಜನ ಸಾಲದಾಗ ವಾಡಿಕೆ ಯಾರು ನೋಡುತ್ತಾರೆ? ಸಿಟ್ಟಿನಲ್ಲೇ ಹೋಗಿದ್ದೆ, ಸಿಟ್ಟಿನಲ್ಲೇ ಕೇಳಿದೆ. "ಏನವ್ವಾ ತಂಗಿ, ಮೂರು ಕಿಲೋಮೀಟರ್ ಹಿಂದ ಬಸ್ಸು ನಿಲ್ಲಸ್ತೀಯಂತ, ಅದೇನು ನಿನ್ನ ತವರುಮನಿ ಏನು?"

"ಹೌದ್ರಿ ಸರ, ನನ್ನ ತವರುಮನಿನ" ಅಂದಳು.

ಅವಳೇ ಹೇಳಿದಳು. "ಮೊದಲ ಹದಿನೈದು ದಿನ ಕಡೀ ಊರಾಗ ಮಲಗೇನ್ರಿ. ಪಂಚಾಯ್ತಿಯವರು ಒಂದು ಖೋಲಿ ಕೊಟ್ಟಿದ್ರು. ಆಮ್ಯಾಲ ಅದರಾಗ ಪೈಪು, ಮೋಟರು ತುಂಬಿ ಕೀಲಿ ಹಾಕಿದ್ರು. ಡ್ರೈವರಣ್ಣಾರು ಗುಡಿ ಕಟ್ಟಿ ಮ್ಯಾಲ ಮಲಕ್ಕೊಂಡ್ರು. ನಾ ಎಲ್ಲಿ ಮಲಕ್ಕೊಳ್ಳಿ? ನಾಕು ದಿನ ಬಸ್ಸಿನಾಗ ಕುಂತು ಬೆಳಗು ಮಾಡೇನಿ. ಒಂದು ಸಂಡಾಸಿಲ್ಲ, ಮುಖ ತೊಳಿಯಾಕ ನೀರಿಲ್ಲ. ಅದಕ್ಕ ಡ್ರೈವರಣ್ಣಾರ ಕಾಲು ಹಿಡದು ನಮ್ಮೂರಾಗ ನಿಲ್ಲಸಾಕ ಹಚ್ಚಿದೆ."

"ಅರ್ಜಿ ಕೊಡಬಾರದಾಗಿತ್ತೇನು?"

"ಕೊಟ್ಟೇನಲ್ರಿ. ನಿಮ್ಮ ಆಫೀಸಿಗೇ."

ಬಂದು ಹುಡುಕಿದೆ. ಇತ್ತು. ನೀಲಿ ಶಾಯಿಯಲ್ಲಿ ಒಂದು ಪುಟದ ಅರ್ಜಿ. ಮೂಲೆಯಲ್ಲಿ 'ಕಡತಕ್ಕೆ ಸೇರಿಸಿ' ಎಂದು ಯಾರೋ ಗೀಚಿದ್ದರು. ಅಕ್ಷರ ನನ್ನದಲ್ಲ, ಆದರೆ ಕಡತ ನನ್ನದು. ಆ ಕಾಲೇಜು ಹುಡುಗಿ ಪಾರಾಗಬೇಕಾದರೆ ಈ ಕಂಡಕ್ಟರ್ ಹುಡುಗಿಯ ಮೇಲೆ ಆರೋಪಪಟ್ಟಿ ಬೀಳುತ್ತದೆ. ಅವಳ ಹೆಸರು ಮುಚ್ಚಿಟ್ಟು ಬರೆಯುವುದು ನನ್ನಿಂದಾಗದು ಎಂದು ಫೋನ್ ಮಾಡಿ ಕಂಡಕ್ಟರಿಗೂ ಹೇಳಿದೆ. ಅವಳು ಅಂದಳು, "ಬರೀರಿ ಸರ. ಕಾಲೇಜು ಹುಡುಗಿ ಬಾಳೇವು ಹಾಳಾಗೂದು ಬ್ಯಾಡ. ಆದ್ರ ಆ ಅರ್ಜೀನೂ ಜೋಡಸ್ರಿ, ನಾ ಬೇಕಂತ ಮಾಡಿಲ್ಲ."

ಟಿಪ್ಪಣಿ ಬರೆದೆ. ಸದನಕ್ಕೆ ಕೊಟ್ಟ ಉತ್ತರದ (ಆ) ಭಾಗ ವಸ್ತುಸ್ಥಿತಿಗೆ ವಿರುದ್ಧವಾಗಿದೆ, ತಿದ್ದುಪಡಿ ಉತ್ತರ ಸಲ್ಲಿಸಬೇಕು, ಕಾಲೇಜಿಗೆ ಪತ್ರ ಕೊಡಬೇಕು. ಯಂತ್ರದ ವರದಿ, ಅರ್ಜಿ ಎರಡನ್ನೂ ಜೋಡಿಸಿ ಸಂಚಾರಾಧಿಕಾರಿಗಳ ಮುಂದಿಟ್ಟೆ. ಕೆಟ್ಟ ಮನುಷ್ಯರಲ್ಲ ಅವರು. ನಿವೃತ್ತಿ ಹತ್ತಿರವಿತ್ತು. ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನ್ರಿ ಇದು? ತಿದ್ದುಪಡಿ ಅಂತ ನನ್ನ ಸರ್ವೀಸಿನಾಗ ಕೆಳಗಿಂದ ಒಂದೂ ಹೋಗಿದ್ದು ನೋಡಿಲ್ಲ. ಸದನಕ್ಕ ತಪ್ಪು ಮಾಹಿತಿ ಅಂದ್ರ ಹಕ್ಕುಚ್ಯುತಿ ಆಗ್ತೈತಿ, ಗೊತ್ತೈತಿಲ್ಲೋ? ನೀವು ಬರದ್ರಿ ಅಂತ ನಾ ಸಹಿ ಮಾಡೇನಿ. ನಾ ಸಹಿ ಮಾಡೇನಿ ಅಂತ ಮ್ಯಾಲಿನವರು ಮಾಡ್ಯಾರ. ಈಗ ಬುಡದ ಕಲ್ಲು ಕಿತ್ರ ಎಲ್ಲಾರೂ ಮಕಾಡೆ ಬೀಳ್ತೇವಿ."

"ಹುಡುಗಿ ವರ್ಷ ಹೋಗ್ತೈತ್ರಿ ಸರ."

"ಬಸ್ಸು ಇವತ್ತಿಂದ ಊರತನಕ ಹೋಗ್ತೈತಿ, ನಾನ ಫೋನ್ ಮಾಡ್ತೇನಿ. ಪಂಚಾಯ್ತಿಗೂ ಹೇಳಿ ಖೋಲಿ ತೆರಸೋಣು. ಮತ್ತೇನು ಬೇಕು? ಆ ಕಾಗದ ಮಾತ್ರ ಬ್ಯಾಡ."

ಮೂಗಿಗೆ ತುಪ್ಪ ಸವರಿದರು ಎನ್ನಲಾರೆ. ಹೇಳಿದಂತೆ ಅವತ್ತೇ ಫೋನ್ ಮಾಡಿದರು, ಅವತ್ತಿನಿಂದ ಬಸ್ಸು ಹೋಯಿತು ಕೂಡ. ಅದೇ ನನ್ನನ್ನು ಹೆಚ್ಚು ಕಾಡಿತು. ಇನ್ನು ಮುಂದೆ ಬಸ್ಸು ದಿನಾ ಬರುತ್ತದೆ, ದಿನಾ ಬರುತ್ತದೆ ಎಂದು ಸದನದ ಕಾಗದವೂ ಹೇಳುತ್ತದೆ, ಹಿಂದೆ ಬಾರದ ದಿನಗಳು ಆ ಹುಡುಗಿಯ ಬಾಯಲ್ಲಿ ಮಾತ್ರ ಉಳಿಯುತ್ತವೆ. ಸದನದ ಭಯ ನಮಗಿಲ್ಲ ಎನ್ನುವುದು ಸುಳ್ಳು, ಬೇಕಾದಷ್ಟಿದೆ. ಬರೆಯುವಾಗ ಆ ಭಯ ನನಗೆ ಹುಟ್ಟಲೇ ಇಲ್ಲ, ಬರೆದದ್ದನ್ನು ತಿದ್ದುವಾಗ ಹುಟ್ಟಿತು. ಶಾಸಕಾಂಗ ನಮ್ಮನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿರುವುದು ಇಷ್ಟೇ. ಆ ಎತ್ತರದಿಂದ ನೋಡುವವರಿಗೆ ರಸ್ತೆ ಕಾಣುವುದಿಲ್ಲ, ನಾವು ಬರೆದುಕೊಟ್ಟದ್ದು ಕಾಣುತ್ತದೆ.

ಎಂಟು ದಿನ ಟಿಪ್ಪಣಿ ಅವರ ಮೇಜಿನ ಮೇಲೆ ಬಿದ್ದಿತ್ತು. ದಿನಾ ಹೋಗಿ ನಿಲ್ಲುತ್ತಿದ್ದೆ. "ನೋಡೋಣು" ಅನ್ನುತ್ತಿದ್ದರು. ಅಷ್ಟರಲ್ಲಿ ಕಾಲೇಜಿನ ಪ್ರಾಂಶುಪಾಲರೂ ನಮಗೆ ನೇರವಾಗಿ ಪತ್ರ ಬರೆದು ಕೇಳಿದರು. ಅದಕ್ಕೆ ಸದನದ ಉತ್ತರದ ಪ್ರತಿಯನ್ನೇ ಲಗತ್ತಿಸಿ ಕಳಿಸಲು ಆದೇಶವಾಯಿತು. ಕಳಿಸಿದವನೂ ನಾನೇ. ಒಂಬತ್ತನೆಯ ದಿನ ನನಗೆ ತಡೆಯಲಾಗಲಿಲ್ಲ. ಪತ್ರ ಬರೆಯುವ ಅಧಿಕಾರ ನನಗಿಲ್ಲ. ಆದರೆ ಶಾಖೆಯ ದಾಖಲೆ ನನ್ನ ಸುಪರ್ದಿಯಲ್ಲಿದೆ, ಅದರ ಪ್ರತಿ ತೆಗೆದು 'ಮೂಲದಂತಿದೆ' ಎಂದು ದೃಢೀಕರಿಸಬಲ್ಲೆ. ಟಿಕೆಟ್ ಯಂತ್ರದ ವರದಿಯ ಪ್ರತಿ ತೆಗೆದೆ. ಬಸ್ಸು ಮುಟ್ಟದ ದಿನಗಳಿಗೆಲ್ಲ ಗುರುತು ಹಾಕಿದೆ. ಪ್ರತಿ ಹಾಳೆಗೂ ಸಹಿ, ಹೆಸರು, ಮೊಹರು. ಪ್ರಾಂಶುಪಾಲರ ವಿಳಾಸ ಬರೆದ ಲಕೋಟೆಗೆ ಹಾಕಿ, ಆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಹುಡುಗಿಯನ್ನೂ ಅವಳ ತಾಯಿಯನ್ನೂ ಕರೆಸಿ ಎಂದು ಒಂದು ಚೀಟಿ ಸೇರಿಸಿದೆ.

ಮುಂದೆ ಏನೇನಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ತಿದ್ದುಪಡಿ ಉತ್ತರ ಕೊನೆಗೂ ಹೋಯಿತು, ಮುಂದಿನ ಅಧಿವೇಶನದಲ್ಲಿ ಮಂಡನೆಯೂ ಆಯಿತು. ಅದರ ಬಗ್ಗೆ ಯಾರೂ ಒಂದು ಮಾತು ಕೇಳಿದಂತೆ ಕಾಣಲಿಲ್ಲ. ನನ್ನ ಸೇವಾ ಪುಸ್ತಕದಲ್ಲಿ ಒಂದು ವಾಗ್ದಂಡನೆ ಸೇರಿತು. ಕಂಡಕ್ಟರಿಗೆ ಎಚ್ಚರಿಕೆ ಪತ್ರ ಬಂತು, ಖೋಲಿಯ ಕೀಲಿಯೂ ಸಿಕ್ಕಿತು. ಇವೆಲ್ಲ ನಿಧಾನಕ್ಕೆ ಆದವು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಲಕೋಟೆ ಮುಟ್ಟಿದ ಮರುದಿನದ ಫೋನು.

ಫೋನ್ ಬಂದದ್ದು ಸಂಚಾರಾಧಿಕಾರಿಗಳ ಮೇಜಿಗೆ. ನನ್ನನ್ನು ಒಳಗೆ ಕರೆದು ಸ್ಪೀಕರ್ ಒತ್ತಿದರು. ಅತ್ತ ಪ್ರಾಂಶುಪಾಲರು.

"ನನ್ನ ಮುಂದ ನಿಮ್ಮ ಆಫೀಸಿಂದ ಬಂದದ್ದು ಎರಡು ಕಾಗದ ಅದಾವ್ರಿ. ದಿನಾ ಬಸ್ಸು ಹೋಗೇತಿ ಅಂತ ಒಂದು, ಹೋಗಿಲ್ಲ ಅಂತ ಒಂದು. ಒಂದು ವಿಧಾನಸಭೆಗೆ ಕೊಟ್ಟದ್ದು, ಇನ್ನೊಂದಕ್ಕ ನಿಮ್ಮ ಸಹಾಯಕರ ಸಹಿ ಐತಿ. ನಾ ಯಾವುದನ್ನ ನಂಬಲಿ? ಹುಡುಗಿ, ಅವರವ್ವ ಇಬ್ರೂ ಇಲ್ಲೇ ಕುಂತಾರ, ಕೇಳಾಕತ್ತಾರ. ಹೇಳ್ರಿ."

ಎದುರಿಗೆ ಸಂಚಾರಾಧಿಕಾರಿಗಳು ಪೆನ್ನಿನ ಕ್ಯಾಪು ತಿರುಗಿಸುತ್ತ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

"ಸರ, ಎರಡೂ ಬರದಾಂವ ನಾನ. ವಿಧಾನಸಭೆಗೆ ಹೋಗಿದ್ದು ತಪ್ಪು. ನೋಡದ ಬರದೇನಿ. ಬಸ್ಸು ಹೋಗಿಲ್ಲ. ಹುಡುಗಿ ಹೇಳಿದ್ದ ಖರೆ."

ಅತ್ತ ಕಡೆ ಕುರ್ಚಿ ಸರಿದ ಸದ್ದು. ಪ್ರಾಂಶುಪಾಲರು, "ಆತು, ಪ್ರವೇಶಪತ್ರ ಕೊಡ್ತೇನಿ" ಅಂದರು. ಅಷ್ಟರಲ್ಲಿ ಆ ತಾಯಿಯ ದನಿ, ಫೋನಿಗೆ ತೀರ ಹತ್ತಿರದಿಂದ.

"ಸಾಹೇಬ್ರ, ಅವತ್ತ ನಿಮ್ಮ ಮುಂದ ನಿಂತು ಕೇಳಿದ್ನೆಲ್ರಿ. ಅವತ್ತ ಯಾಕ ಹೇಳಲಿಲ್ಲ? ನಿಮ್ಮ ಮಾತು ಕೇಳಿ ಮನೀಗೆ ಹೋಗಿ ಈಕಿನ್ನ ಹೊಡದೇನಿ. ಹುಟ್ಟಿದಾಗಿಂದ ಒಂದ ಏಟು ಹಾಕಿದಾಕಿ ಅಲ್ರೀ ನಾ. ಖರೆ ಬೊಗಳು, ಖರೆ ಬೊಗಳು ಅಂತ ಹೊಡದೇನಿ. ಬಸ್ಸು ಬರಲಿಲ್ಲಬೇ ಅಂತ ಒಂದ ಮಾತು ಅನಕೋತ ಹೊಡಿಸ್ಕೊಂಡಾಳ."

ಸಂಚಾರಾಧಿಕಾರಿಗಳು ಅಷ್ಟು ದಿನದಿಂದ ಬಿದ್ದಿದ್ದ ಟಿಪ್ಪಣಿಯನ್ನು ಹತ್ತಿರಕ್ಕೆ ಎಳೆದುಕೊಂಡು, ತಲೆ ತಗ್ಗಿಸಿಯೇ ಸಹಿ ಹಾಕಿದರು. ಫೋನಿನಲ್ಲಿ ಆ ತಾಯಿ ಬಿಕ್ಕುತ್ತಿದ್ದಳು. ಆಗ ಅವಳ ಹಿಂದಿನಿಂದ ಇನ್ನೊಂದು ದನಿ ಬಂತು, ಎಳೆಯದು, ಸಮಾಧಾನದ್ದು. ಆ ಹುಡುಗಿಯ ದನಿ ನಾನು ಕೇಳಿದ್ದು ಅದೊಂದೇ ಸಲ.

"ಇರ್ಲಿ ಬಿಡಬೇ ಯವ್ವಾ. ನಡಿ, ಬಸ್ಸಿಗೆ ಹೊತ್ತಾತು."